ಪಿಸ್ತೂಲು ಬೇಡ, ವರ್ಕ್‌ಶಾಪ್ ಬೇಕು

ಪುಣೆಯಲ್ಲಿ ನನ್ನ ಮನೆಗೆ ಬಂದವರು ಡ್ರೈ ಬಾಲ್ಕನಿಯಲ್ಲಿರುವ ಪುಟ್ಟ ಲೇತ್, ಡ್ರಿಲ್, ವೈಸ್ ಎಲ್ಲ ನೋಡಿ ಮೊದಲು ನಗುತ್ತಾರೆ. ಸಾಫ್ಟ್‌ವೇರ್ ಎಂಜಿನಿಯರ್ ಮನೆಯಲ್ಲಿ ಇದೆಲ್ಲ ಯಾಕೆ ಎನ್ನುವ ನಗು. ಆಮೇಲೆ ನಾನು ವಾರಕ್ಕೆರಡು ದಿನ ಏರ್ ಪಿಸ್ತೂಲು ಅಭ್ಯಾಸಕ್ಕೆ ಹೋಗುತ್ತೇನೆ ಎಂದು ಗೊತ್ತಾದಾಗ ಪ್ರಶ್ನೆ ಬದಲಾಗುತ್ತದೆ. ‘ಎಂಟೆಕ್ ಮಾಡಿದ್ದೀರಿ, ಲೇತ್ ಇದೆ. ಅಷ್ಟು ದುಡ್ಡು ಕೊಟ್ಟು ತರಿಸೋ ಬದಲು ಒಂದು ಪಿಸ್ತೂಲು ನೀವೇ ಮಾಡ್ಕೋಬಹುದಲ್ಲ?’

ಈ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಮಾಡಬಾರದು. ಆದರೆ ಪ್ರಶ್ನೆ ಕೇಳಿದವರನ್ನು, ಅದರಲ್ಲೂ ಹದಿನೆಂಟು ಇಪ್ಪತ್ತರ ಹುಡುಗರನ್ನು, ಗದರಿಸಿ ಕಳಿಸುವುದು ಅದಕ್ಕಿಂತ ದೊಡ್ಡ ನಷ್ಟ. ಈ ಎರಡು ಮಾತನ್ನೂ ಒಟ್ಟಿಗೇ ಹೇಳಬೇಕಾದ ಸಂದರ್ಭ ಈಗ ಬಂದಿದೆ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕಳೆದ ತಿಂಗಳು ಮೂವರು ಹುಡುಗರು ಟೆರೇಸಿನ ಮೇಲೆ ಪಿವಿಸಿ ಪೈಪ್, ಸೈಕಲ್ ಪಂಪ್ ಇಟ್ಟುಕೊಂಡು ‘ಏರ್ ಗನ್’ ಕಟ್ಟುತ್ತಿದ್ದದ್ದು ಸೆಕ್ಯುರಿಟಿಯವರ ಕಣ್ಣಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮರುವಾರವೇ ನೋಟಿಸ್ ಬಂತು: ಫ್ಲ್ಯಾಟ್‌ಗಳಲ್ಲಿ ಯಾವುದೇ ‘ಮಷಿನ್ ಕೆಲಸ’ ನಿಷೇಧಿಸುವ ಠರಾವು ಮುಂದಿನ ವಾರ್ಷಿಕ ಸಭೆಗೆ ಬರಲಿದೆ. ಪಿಸ್ತೂಲು ನಿಲ್ಲಿಸಲು ಹೊರಟು ಅರ, ಉಳಿ, ಸೋಲ್ಡರಿಂಗ್ ಕಬ್ಬಿಣ ಎಲ್ಲವನ್ನೂ ನಿಲ್ಲಿಸುವ ಠರಾವು ಅದು.

ಆ ಮೂವರಲ್ಲಿ ಒಬ್ಬ ಧಾರವಾಡ ಕಡೆಯವರ ಮಗ, ಎಂಜಿನಿಯರಿಂಗ್ ಎರಡನೇ ವರ್ಷ. ನನ್ನ ಬಳಿ ಬಂದು ಕೇಳಿದ: ‘ಕಾಕಾ, ನಿಮ್ಮ ಕಡೆ ಲೇತ್ ಐತಿ. ಪೈಪ್ ಬ್ಯಾಡ ಅಂದ್ರ ಕಬ್ಬಿಣದಾಗ ಮಾಡೂಣಲ್ಲ?’ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಆಸೆ ಹುಟ್ಟುವುದು ಎಲ್ಲಿಂದ?

ಪ್ರಶ್ನೆ ಆಕಾಶದಿಂದ ಬಿದ್ದದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಒಲಿಂಪಿಕ್ ಶೂಟಿಂಗ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆ ಅವರು. ಸರಬ್ಜೋತ್ ಸಿಂಗ್ ಜತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು. ಅದೇ ವಾರ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದರು. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು, ಪುಣೆಯ ಬಾಲೇವಾಡಿಯಲ್ಲಿ ಅಭ್ಯಾಸ ಮಾಡಿದವರು. ಇಲ್ಲಿನ ಹುಡುಗರಿಗೆ ಒಲಿಂಪಿಕ್ಸ್ ಈಗ ಟಿ.ವಿ.ಯೊಳಗಿನ ದೇಶವಲ್ಲ, ಬಸ್ ಹೋಗುವ ಜಾಗ.

ನಮ್ಮ ಕರ್ನಾಟಕದ ಉದಾಹರಣೆಯೂ ಇದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ತಂದೆ ಪಾಪಣ್ಣ ಶೂಟರ್. ಮರಳಿ ಬಂದು 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಕೀಬೋರ್ಡ್ ಮುಂದೆ ಕೂರುವ ನಮ್ಮಂಥವರಿಗೆ ಆ ಹೆಸರು ಒಂದು ಧೈರ್ಯ.

ಆಸೆಗೆ ಅಡ್ಡ ಬರುವುದು ದುಡ್ಡು. ಸ್ಪರ್ಧೆಯ ಮಟ್ಟದ ಯುರೋಪಿನ ಏರ್ ಪಿಸ್ತೂಲಿಗೆ ಒಂದೂವರೆ, ಎರಡು ಲಕ್ಷ ರೂಪಾಯಿ ಕೊಡಬೇಕು. ಎರಡನೇ ವರ್ಷದ ವಿದ್ಯಾರ್ಥಿಯ ಮನೆಯಲ್ಲಿ ಅದು ಕಾಲೇಜು ಫೀಸಿನ ಜತೆ ಜಗಳಕ್ಕೆ ನಿಲ್ಲುವ ಮೊತ್ತ. ಹಾಗಾಗಿ ‘ನಾವೇ ಮಾಡಿದರೆ?’ ಎಂಬ ಯೋಚನೆ ಬರುವುದು ಸಹಜ. ಅದು ಪುಂಡಾಟವಲ್ಲ. ಎಂಜಿನಿಯರಿಂಗ್ ಓದುವವನಿಗೆ ಅಂಥ ಯೋಚನೆ ಬರದಿದ್ದರೇ ಚಿಂತೆ ಮಾಡಬೇಕು.

ಪೆಟ್ಲಿನಿಂದ ಪಿಸ್ತೂಲಿಗೆ ಎಷ್ಟು ದೂರ

ನಾನು ಶಿರಸಿ ಕಡೆಯವನು. ನಮ್ಮಲ್ಲಿ ಚೌತಿ ಹಬ್ಬದ ಹೊತ್ತಿಗೆ ಮಕ್ಕಳ ಕೈಯಲ್ಲಿ ಪೆಟ್ಲು ಇರುತ್ತಿತ್ತು. ಗಂಟಿಲ್ಲದ ಬಿದಿರಿನ ಅಂಡೆ, ಅದರೊಳಗೆ ಸರಿಯಾಗಿ ಕೂರುವ ಗಜ, ಕಿಸೆ ತುಂಬ ಜುಮ್ಮನಕಾಯಿ. ಒಂದು ಕಾಯಿಯನ್ನು ತುದಿಯವರೆಗೆ ತಳ್ಳಿ, ಇನ್ನೊಂದನ್ನು ಹಿಂದಿನಿಂದ ನೂಕಿದರೆ ನಡುವಿನ ಗಾಳಿ ಒತ್ತಿ ಒತ್ತಿ ಮುಂದಿನ ಕಾಯಿ ‘ಪಟ್’ ಎಂದು ಹಾರುತ್ತದೆ. ಛತ್ತೀಸಗಢದ ಬಸ್ತರ್‌ನಲ್ಲಿ ಗೊಂಚಾ ಹಬ್ಬದಲ್ಲಿ ಇಂಥದ್ದೇ ಬಿದಿರಿನ ‘ತುಪ್ಕಿ’ಯಿಂದ ಜಗನ್ನಾಥನಿಗೆ ಗೌರವ ಸಲ್ಲಿಸುತ್ತಾರೆ. ಮನೆಯಲ್ಲೇ ಮಾಡುವ ಗಾಳಿಯ ಬಂದೂಕು ನಮಗೆ ಹೊಸದಲ್ಲ.

ಏರ್ ಪಿಸ್ತೂಲಿನ ತತ್ವವೂ ಇದೇ. ಅದಕ್ಕೇ ಹುಡುಗರು ಮೋಸ ಹೋಗುತ್ತಾರೆ. ತತ್ವ ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಅಲ್ಲ. ಪೆಟ್ಲಿನಲ್ಲಿ ಒತ್ತಡ ಹೆಚ್ಚಾದರೆ ಕಾಯಿಯೇ ಮೊದಲು ಜಾರಿಬಿಡುತ್ತದೆ. ಅದರ ಸುರಕ್ಷತೆ ಅದರ ದೌರ್ಬಲ್ಯದಲ್ಲೇ ಇದೆ. ಪಿಸ್ತೂಲಿನಲ್ಲಿ ಗಾಳಿಯನ್ನು ಮೊದಲೇ ತುಂಬಿ, ಕೂಡಿಟ್ಟು, ಬೇಕಾದಾಗ ಬಿಡುತ್ತೇವೆ. ಕೂಡಿಟ್ಟ ಕ್ಷಣದಿಂದ ಅದು ಆಟಿಕೆಯಲ್ಲ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾಂಡೋನಿ ಎಂಬುವರ ಏರ್ ರೈಫಲ್ ಬಳಕೆಗೆ ತಂದಿತು. ಬಂದೂಕಿನ ಹಿಂಬದಿಯೇ ಗಾಳಿಯ ಕೋಶ. ಹೊಗೆಯಿಲ್ಲ, ಮದ್ದಿಲ್ಲ, ಸದ್ದು ಕಡಿಮೆ. ಅಮೆರಿಕದ ಪಶ್ಚಿಮವನ್ನು ಶೋಧಿಸಲು ಹೊರಟ ಮೆರಿವೆದರ್ ಲೂಯಿಸ್ ಅಂಥದ್ದೊಂದು ಏರ್ ಗನ್ ಜತೆಗೆ ಒಯ್ದಿದ್ದ. 1803ರ ಆಗಸ್ಟ್ 30ರಂದು ಪಿಟ್ಸ್‌ಬರ್ಗ್ ಬಳಿ ಜನರಿಗೆ ಅದನ್ನು ತೋರಿಸುತ್ತಿದ್ದಾಗ ಒಬ್ಬರ ಕೈಯಲ್ಲಿ ತಪ್ಪಿ ಹಾರಿ, ನಲವತ್ತು ಗಜ ದೂರದಲ್ಲಿದ್ದ ಹೆಂಗಸಿನ ಕಣತಲೆಗೆ ತಾಗಿ ರಕ್ತ ಸುರಿಯಿತು. ಪುಣ್ಯಕ್ಕೆ ಆಕೆ ಬದುಕಿದಳು. ಆ ಮಹಾಯಾತ್ರೆಯ ದಿನಚರಿಯ ಮೊದಲ ದಿನದ ಬರಹದಲ್ಲೇ ಈ ಏರ್ ಗನ್ ಅಪಘಾತ ದಾಖಲಾಗಿದೆ. ‘ಬರೀ ಗಾಳಿ ತಾನೇ’ ಎನ್ನುವವರು ಇದನ್ನು ನೆನಪಿಡಬೇಕು.

ಲೆಕ್ಕ ಹಾಕಿ ನೋಡಿ

ಧಾರವಾಡದ ಹುಡುಗನ ಜತೆ ಕೂತು ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆವು. ಸ್ಪರ್ಧೆಯ ಪೆಲೆಟ್ ತೂಕ ಸುಮಾರು ಅರ್ಧ ಗ್ರಾಂ. ವೇಗ ಸೆಕೆಂಡಿಗೆ 150 ಮೀಟರ್ ಎಂದುಕೊಂಡರೆ ಅದರ ಶಕ್ತಿ 5.6 ಜೌಲ್. ಇಷ್ಟೇ ಅಲ್ಲವೇ ಎನಿಸುತ್ತದೆ. ಕಣ್ಣಿಗೆ ಬಿದ್ದರೆ ಅಷ್ಟೇ ಸಾಕು, ಕಣ್ಣು ಹೋಗುತ್ತದೆ.

ಈಗ ಗಾಳಿ ತುಂಬುವ ಕಡೆ ನೋಡಿ. ಇಂದಿನ ಸ್ಪರ್ಧಾ ಪಿಸ್ತೂಲುಗಳ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದರ ತೊಂಬತ್ತು ಪಟ್ಟು. ಸಿಲಿಂಡರಿನ ಗಾತ್ರ 65 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಅದು ಒಮ್ಮೆಲೇ ಒಡೆದರೆ ಹೊರಬರುವ ಶಕ್ತಿ ಅಂದಾಜು ಎರಡೂವರೆ ಸಾವಿರ ಜೌಲ್. 50 ಕೆ.ಜಿ. ಸಿಮೆಂಟ್ ಚೀಲ 5 ಮೀಟರ್ ಎತ್ತರದಿಂದ ಬಿದ್ದಷ್ಟು. ಅದೂ ಮುಖದಿಂದ ಒಂದು ಕೈಯಳತೆ ದೂರದಲ್ಲಿ. ಹೊರಗೆ ಹೋಗುವ ಗುಂಡಿಗಿಂತ ಒಳಗೆ ಕೂತ ಗಾಳಿ ನಾನೂರು ಪಟ್ಟಿಗೂ ಹೆಚ್ಚು ಅಪಾಯ. ಪಿಸ್ತೂಲು ಮಾಡುವವನಿಗೆ ಮೊದಲ ಗುರಿ ಅವನೇ.

ಕಾರ್ಖಾನೆಯವರು ಇದನ್ನು ಹೇಗೆ ನಿಭಾಯಿಸುತ್ತಾರೆ? ಲೋಹದ ಗುಣ ಪರೀಕ್ಷಿಸಿ, ಸಿಲಿಂಡರನ್ನು ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ಮಾಡಿ, ತಯಾರಾದ ದಿನಾಂಕ ಮುದ್ರಿಸಿ ಕಳಿಸುತ್ತಾರೆ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ ನಿಯಮದಲ್ಲಿ ಸಿಲಿಂಡರಿನ ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳುವುದು ಕ್ರೀಡಾಪಟುವಿನ ಜವಾಬ್ದಾರಿ. ಕಾರ್ಖಾನೆಯ ಸಿಲಿಂಡರಿಗೇ ಇಂತಿಷ್ಟು ವರ್ಷ ಆಯುಷ್ಯ ಎಂದು ಬರೆದಿರುವಾಗ, ಭೋಸರಿಯ ಗುಜರಿ ಅಂಗಡಿಯಿಂದ ತಂದ ಕಬ್ಬಿಣದ ತುಂಡಿನ ಆಯುಷ್ಯವನ್ನು ನನ್ನ ಬಾಲ್ಕನಿಯಲ್ಲಿ ಯಾರು ಬರೆದುಕೊಡುತ್ತಾರೆ? ಲೇತ್ ಮೇಲೆ ನುಣುಪಾಗಿ ಹೊಳೆಯುವ ಲೋಹದೊಳಗೆ ಕೂದಲೆಳೆ ಬಿರುಕಿದ್ದರೆ ನನ್ನ ಕಣ್ಣಿಗೆ ಕಾಣುವುದಿಲ್ಲ.

ಪಿವಿಸಿ ಪೈಪಿನ ಕಥೆ ಇನ್ನೂ ಕೆಟ್ಟದ್ದು. ಪೈಪಿನ ಮೇಲೆ ಬರೆದ ಒತ್ತಡದ ಅಂಕಿ ನೀರಿಗೆ, ಗಾಳಿಗಲ್ಲ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಪೈಪ್ ಸೀಳಿದರೆ ನೀರು ಚಿಮ್ಮಿ ಒತ್ತಡ ತಕ್ಷಣ ಇಳಿಯುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ. ಸೀಳಿದ ಮೇಲೂ ಹಿಗ್ಗುತ್ತಲೇ ಇರುತ್ತದೆ, ಪೈಪನ್ನು ಗಾಜಿನಂತೆ ಚೂರು ಮಾಡಿ ಎಸೆಯುತ್ತದೆ. ಬಿಸಿಲಿಗೆ ಬಿದ್ದ ಪೈಪ್ ಮೊದಲೇ ಪೆಡಸಾಗಿರುತ್ತದೆ. ಟೆರೇಸಿನಲ್ಲಿ ಬಿದ್ದಿರುವ ಪೈಪು ಅಂಥದ್ದೇ.

ಇದು ಊಹೆಯ ಭಯವಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಏನಾಯಿತೆಂದು ಪತ್ರಿಕೆ ಓದುವವರಿಗೆ ಗೊತ್ತು. ಪಿವಿಸಿ ಪೈಪ್, ಕ್ಯಾಲ್ಸಿಯಂ ಕಾರ್ಬೈಡ್ ಬಳಸಿದ ‘ಕಾರ್ಬೈಡ್ ಗನ್’ ಸಿಡಿದು ನೂರಕ್ಕೂ ಹೆಚ್ಚು ಜನ, ಅದರಲ್ಲಿ ಬಹಳ ಮಂದಿ ಮಕ್ಕಳು, ಕಣ್ಣಿನ ಗಾಯದೊಂದಿಗೆ ಭೋಪಾಲ್, ಗ್ವಾಲಿಯರ್ ಕಡೆಯ ಆಸ್ಪತ್ರೆಗಳಿಗೆ ಬಂದರು. ಕೆಲವರ ದೃಷ್ಟಿ ಮರಳಲಿಲ್ಲ. ಆ ಮಕ್ಕಳು ಕೆಟ್ಟವರಾಗಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿದ್ದರು, ಅಷ್ಟೇ. ಹೇಗೆ ಕಟ್ಟುವುದು ಎಂದು ತೋರಿಸಿದ ವಿಡಿಯೊ, ಯಾವಾಗ ಸಿಡಿಯುತ್ತದೆ ಎಂದು ತೋರಿಸಿರಲಿಲ್ಲ.

ಕಾನೂನು ಏನು ಕೇಳುತ್ತದೆ

‘ಏರ್ ಗನ್‌ಗೆ ಲೈಸೆನ್ಸ್ ಬೇಡ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಶಕ್ತಿ 20 ಜೌಲ್ ಮೀರಿದರೆ, ಇಲ್ಲವೇ ನಳಿಗೆಯ ಒಳವ್ಯಾಸ 0.177 ಇಂಚು ಮೀರಿದರೆ ಪರವಾನಗಿ ಬೇಕು. ಇವೆರಡರ ಒಳಗಿದ್ದರೆ ಕೊಂಡು ಇಟ್ಟುಕೊಳ್ಳಲು ಬೇಡ. ಸ್ಪರ್ಧೆಯ ಏರ್ ಪಿಸ್ತೂಲು, ರೈಫಲ್‌ಗಳು ಈ ಮಿತಿಯೊಳಗೆ ಬರುತ್ತವೆ.

ಆದರೆ ಕೊಂಡು ಇಟ್ಟುಕೊಳ್ಳುವುದು ಬೇರೆ, ತಯಾರಿಸುವುದು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇಟ್ಟುಕೊಳ್ಳುವುದಕ್ಕೆ 3ನೇ ಕಲಂ, ತಯಾರಿಕೆ, ಮಾರಾಟ, ಮಾರ್ಪಾಡು, ದುರಸ್ತಿಗೆ 5ನೇ ಕಲಂ. ಒಂದರಲ್ಲಿ ಸಿಕ್ಕ ವಿನಾಯಿತಿಯನ್ನು ಇನ್ನೊಂದಕ್ಕೆ ಎಳೆದುಕೊಂಡು ಹೋಗುವಂತಿಲ್ಲ. 2019ರ ತಿದ್ದುಪಡಿಯ ನಂತರ 5ನೇ ಕಲಂ ಉಲ್ಲಂಘಿಸಿ ಶಸ್ತ್ರ ತಯಾರಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಕಾರ್ಖಾನೆಯ ಏರ್ ಪಿಸ್ತೂಲಿಗೆ ತಯಾರಕರ ಹೆಸರು, ಸಂಖ್ಯೆ, ಶಕ್ತಿಯ ವಿವರ, ಬಿಲ್ ಇರುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಯಾವುದೂ ಇಲ್ಲ. 20 ಜೌಲ್ ಒಳಗಿದೆ ಎಂದು ಸಾಬೀತು ಮಾಡುವ ಹೊಣೆ ಹುಡುಗನ ಅಪ್ಪ ಅಮ್ಮನ ತಲೆಗೆ ಬರುತ್ತದೆ, ಅದೂ ಠಾಣೆಯಲ್ಲಿ. ಎಂಜಿನಿಯರಿಂಗ್ ಮುಗಿಸಿ ಪಾಸ್‌ಪೋರ್ಟ್ ಮಾಡಿಸಬೇಕಾದ ವಯಸ್ಸಿನಲ್ಲಿ ಇಂಥ ಒಂದು ಎಫ್‌ಐಆರ್ ಇಡೀ ಬದುಕಿನ ದಾರಿ ಬದಲಿಸುತ್ತದೆ. ಬೇರೆ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮಂಥ ಪರಊರಿನವರಿಗಂತೂ ಹೇಳುವುದೇ ಬೇಡ.

ಕಾನೂನಿನ ಹಿಂದೆ ಹಕ್ಕಿಗಳ ಪ್ರಶ್ನೆಯೂ ಇದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್ ಗನ್‌ಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಅಭಿಯಾನ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಬಂದೂಕುಗಳು ಬಂದವು. ಏರ್ ಗನ್ ಹಿಡಿದವರು ಕಾಡನ್ನು ಎಷ್ಟು ಮೌನ ಮಾಡಿದ್ದರು ಎನ್ನುವುದಕ್ಕೆ ಅದೇ ಸಾಕ್ಷಿ. ಗುರಿಯ ಕಾಗದಕ್ಕೆಂದು ಮಾಡಿದ್ದು ನಾಳೆ ಬಾಲ್ಕನಿಯ ಪಾರಿವಾಳದ ಕಡೆ ತಿರುಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಎದುರು ವಾದ

ಇದಕ್ಕೆ ಗಟ್ಟಿಯಾದ ಎದುರು ವಾದ ಇಲ್ಲದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಬ್ರಿಟನ್ನಿನಲ್ಲಿ ನಾಲ್ಕು ವರ್ಷ ಇದ್ದು ಬಂದವರು. ಅವರ ಮಾತು: ‘ಅಲ್ಲಿ ಮನೆಯ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡವರು ಉಗಿ ಎಂಜಿನ್, ಗಡಿಯಾರ, ಏರ್ ಪಿಸ್ತೂಲು ಎಲ್ಲ ಮಾಡುತ್ತಾರೆ. ನಮ್ಮಲ್ಲಿ ಮಾತ್ರ ಎಲ್ಲದಕ್ಕೂ ಬೇಡ ಬೇಡ. ಹೀಗಾದರೆ ಇಲ್ಲಿ ಒಳ್ಳೆಯ ಪಿಸ್ತೂಲು ಮಾಡುವ ಕಂಪನಿ ಹುಟ್ಟುವುದು ಯಾವಾಗ?’

ಮಾತಿನಲ್ಲಿ ತೂಕವಿದೆ. ಆದರೆ ಅಲ್ಲಿಯೂ ಗೆರೆ ಇದೆ ಎಂಬುದನ್ನು ಅವರು ಬಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಏರ್ ಪಿಸ್ತೂಲಿನ ಮಿತಿ ನಮ್ಮ 20 ಜೌಲ್‌ಗಿಂತ ಬಹಳ ಕಡಿಮೆ, 8 ಜೌಲ್ ಆಸುಪಾಸು. ಅದನ್ನು ಮೀರಿದರೆ ಅದು ನಿಷೇಧಿತ ಆಯುಧ. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಏರ್ ಗನ್‌ಗೂ ಸರ್ಟಿಫಿಕೇಟ್ ಬೇಕು. ಅಲ್ಲಿನ ಹವ್ಯಾಸಿಗೆ ಮಾಪನದ ಉಪಕರಣ, ಹಿರಿಯರಿರುವ ಕ್ಲಬ್ಬು, ಒಂದೂವರೆ ಶತಮಾನದ ಹವ್ಯಾಸಿ ಕಾರ್ಯಾಗಾರದ ಸಂಪ್ರದಾಯ ಜತೆಗಿವೆ. ಹದಿನಾಲ್ಕನೇ ಮಹಡಿಯ ಡ್ರೈ ಬಾಲ್ಕನಿ ಶೆಡ್ಡಲ್ಲ. ಕೆಳಗೆ ಮಕ್ಕಳು ಆಡುವ ಜಾಗವಿದೆ. 4.5 ಮಿಲಿಮೀಟರ್ ಪೆಲೆಟ್ ನೂರು ಮೀಟರ್ ದಾಟಿ ಹೋಗಬಲ್ಲದು.

ಇನ್ನು ಕಂಪನಿ ಹುಟ್ಟುವ ಮಾತು. ಒಳ್ಳೆಯ ನಳಿಗೆ ಎಂದರೆ ಉದ್ದಕ್ಕೂ ಒಂದೇ ಅಳತೆಯ, ನೇರವಾದ, ಒಳಗೆ ತಿರುಚು ಗೆರೆಗಳಿರುವ ರಂಧ್ರ. ಅದಕ್ಕೆ ಬೇಕಾದ ಯಂತ್ರ, ಅಳತೆ, ಉಕ್ಕು ಎಲ್ಲ ಪರವಾನಗಿ ಪಡೆದ ಕಾರ್ಖಾನೆಯ ವಿಷಯ. ನಮ್ಮ ದೇಶದಲ್ಲಿ ಏರ್ ರೈಫಲ್ ತಯಾರಿಸುವವರು ಇದ್ದಾರೆ. ಒಲಿಂಪಿಕ್ ಮಟ್ಟದ ಪಿಸ್ತೂಲು ಅವರಿಂದ ಬರಬೇಕು. ಅದಕ್ಕೆ ಅವರಿಗೆ ಬೇಕಾದದ್ದು ಕೈ ಪಳಗಿದ ಎಂಜಿನಿಯರುಗಳು. ಕೈ ಪಳಗುವುದು ಅರ ಹಿಡಿದು ಉಜ್ಜಿದಾಗ. ಅದಕ್ಕೆ ಪಿಸ್ತೂಲೇ ಬೇಕಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಈ ಆಟದಲ್ಲಿ ಗೆಲ್ಲಿಸುವುದು ಗಾಳಿಯಲ್ಲ, ನಳಿಗೆಯೂ ಅಲ್ಲ. ಇನ್ನೊಂದು ಲೆಕ್ಕ ನೋಡಿ. 10 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಪೆಲೆಟ್ಟಿನ ಅಂಚು ತಾಗಿದರೂ ಹತ್ತು ಸಿಗುತ್ತದೆ ಎಂದು ಹಿಡಿದರೆ ನಡುವಿನಿಂದ 8 ಮಿಲಿಮೀಟರ್ ತಪ್ಪಬಹುದು. ಪಿಸ್ತೂಲಿನ ಹಿಂದಿನ ಮುಂದಿನ ಸೈಟುಗಳ ನಡುವೆ 30 ಸೆಂಟಿಮೀಟರ್ ಇದ್ದರೆ, ಅವೆರಡರ ಹೊಂದಾಣಿಕೆಯಲ್ಲಿ 0.24 ಮಿಲಿಮೀಟರ್ ತಪ್ಪಿದರೆ ಮುಗಿಯಿತು. ಎರಡೂವರೆ ಹಾಳೆ ಕಾಗದದ ದಪ್ಪ. ಅದನ್ನು ಒಂದೇ ಕೈಯಲ್ಲಿ, ಚಾಚಿ ಹಿಡಿದು, ಅರವತ್ತು ಸಲ ಮಾಡಬೇಕು. ಒಳ್ಳೆಯ ಯಂತ್ರವೂ ಕೈಕೊಡಬಹುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿದು ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಮೂರು ವರ್ಷದ ನಂತರ ಅದೇ ಸ್ಪರ್ಧೆಯಲ್ಲಿ ಪದಕ ತಂದದ್ದು ಅದೇ ಕೈ.

ಹಾಗಿದ್ದರೆ ಮನೆಯ ವರ್ಕ್‌ಶಾಪ್ ಆ ಕೈಗೆ ಏನು ಮಾಡಿಕೊಡಬಹುದು? ಬಹಳ.

ಮೊದಲನೆಯದು ಹಿಡಿ. ಕಾರ್ಖಾನೆಯ ಹಿಡಿ ಸಣ್ಣ, ಮಧ್ಯಮ, ದೊಡ್ಡದು ಎಂದು ಬರುತ್ತದೆ. ನಮ್ಮ ಕೈ ಹಾಗೆ ಬರುವುದಿಲ್ಲ. ಮರದ ಹಿಡಿಯನ್ನು ತಮ್ಮ ಅಂಗೈಗೆ ತಕ್ಕಂತೆ ಕೆತ್ತಿ, ಉಜ್ಜಿ, ಕೆಲವು ಕಡೆ ಪುಟ್ಟಿ ತುಂಬಿ ಹೊಂದಿಸಿಕೊಳ್ಳುವುದು ಶೂಟರ್‌ಗಳಲ್ಲಿ ಮಾಮೂಲು. ಅದಕ್ಕೆ ನಿಯಮವೂ ಇದೆ: ಮಣಿಕಟ್ಟಿಗೆ ಆಧಾರ ಕೊಡುವಂತಿಲ್ಲ, ಅಂಗೈ ಕೂರುವ ದಿಮ್ಮಿ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರುವಂತಿಲ್ಲ, ಇಡೀ ಪಿಸ್ತೂಲು 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು, ತೂಕ ಒಂದೂವರೆ ಕೆ.ಜಿ. ದಾಟಬಾರದು. ನಾನು ಊರಿನಿಂದ ಶಿವಣೆ ಮರದ ತುಂಡು ತಂದು ಹಿಡಿ ಕೆತ್ತಿದೆ. ಹಗುರ, ಉಳಿಗೆ ಬಾಗುವ ಮರ. ಮೂರು ವಾರ ಬೇಕಾಯಿತು. ಹೆಬ್ಬೆರಳ ಬುಡದಲ್ಲಿ ಅರ್ಧ ಮಿಲಿಮೀಟರ್ ತೆಗೆದರೆ ಗುಂಡು ಎಡಕ್ಕೆ ಹೋಗುವುದು ಹೇಗೆ ನಿಲ್ಲುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಕಲಿಸದು.

ಎರಡನೆಯದು ಗುಂಡಿಲ್ಲದ ಅಭ್ಯಾಸದ ಸಾಧನ. ಶೂಟಿಂಗ್ ಅಭ್ಯಾಸದ ದೊಡ್ಡ ಪಾಲು ಗುಂಡು ಹಾರಿಸದೇ ನಡೆಯುತ್ತದೆ. ಧಾರವಾಡದ ಹುಡುಗನ ಜತೆ ಸೇರಿ ಈಗ ಅದನ್ನೇ ಕಟ್ಟುತ್ತಿದ್ದೇವೆ. ಹಳದಿ ಬಣ್ಣ ಬಳಿದ ಮರದ ಹಲಗೆ, ಅದಕ್ಕೊಂದು ಹಿಡಿ. ದೂರದಿಂದಲೂ ಯಾರಿಗೂ ಪಿಸ್ತೂಲೆನಿಸದು. ತೂಕ ಒಂದು ಕೆ.ಜಿ. ಟ್ರಿಗರ್ ಜಾಗದಲ್ಲಿ ಸ್ಪ್ರಿಂಗ್ ಇರುವ ಸ್ವಿಚ್. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಎಂಬುದು ನಿಯಮ. ಅರ್ಧ ಲೀಟರ್ ನೀರು ಅಳೆದು ತೂಗಿಬಿಟ್ಟು ಅದನ್ನು ಹೊಂದಿಸಿದೆವು. ಹಲಗೆಯ ತುದಿಗೆ ಮೊಬೈಲಿನಲ್ಲಿ ಇರುವಂಥದ್ದೇ ಚಲನೆ ಅಳೆಯುವ ಸೆನ್ಸರ್, ಒಂದು ಮೈಕ್ರೋಕಂಟ್ರೋಲರ್. ಎಲ್ಲ ಸೇರಿ ಒಂದು ಸಾವಿರ ರೂಪಾಯಿ ಆಗಲಿಲ್ಲ. ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲವೂ ಸಿಕ್ಕಿತು.

ಸ್ವಿಚ್ ಒತ್ತುವ ಮುಂಚಿನ ಒಂದು ಸೆಕೆಂಡಿನಲ್ಲಿ ಕೈ ಎಷ್ಟು ನಡುಗಿತು ಎಂಬುದನ್ನು ಅದು ಗೆರೆಯಾಗಿ ತೋರಿಸುತ್ತದೆ. ಆರೋಗ್ಯವಂತ ಮನುಷ್ಯನ ಕೈಯೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸಣ್ಣಗೆ ಅದುರುತ್ತದೆ. ಅದರ ಮೇಲೆ ಉಸಿರಿನ ದೊಡ್ಡ ಅಲೆ. ಅದನ್ನು ಬೇರ್ಪಡಿಸುವ ಪ್ರೋಗ್ರಾಂ ಹುಡುಗನೇ ಬರೆದ. ಕಾಲೇಜಿನಲ್ಲಿ ಸಿಗ್ನಲ್ ಪ್ರಾಸೆಸಿಂಗ್ ವಿಷಯದಲ್ಲಿ ಪಾಸಾದರೆ ಸಾಕು ಎನ್ನುತ್ತಿದ್ದವನು ಈಗ ಫಿಲ್ಟರ್ ಬಗ್ಗೆ ನನ್ನ ಜತೆ ವಾದ ಮಾಡುತ್ತಾನೆ. ‘ಕಾಕಾ, ನೀವು ಒತ್ತೂದಕ್ಕಿಂತ ಮೊದಲ ಉಸಿರು ಬಿಡಾಕತ್ತೀರಿ ನೋಡ್ರಿ’ ಎಂದು ನನ್ನ ಗೆರೆ ತೋರಿಸಿ ತಿದ್ದುತ್ತಾನೆ. ಇದರಲ್ಲಿ ಒಂದು ಬಾರ್ ಒತ್ತಡವೂ ಇಲ್ಲ. ಕಣ್ಣಿಗೆ ಅಪಾಯವಿಲ್ಲ. ಯಾವ ಕಲಂ ಕೂಡ ಅಡ್ಡ ಬರುವುದಿಲ್ಲ. ಅವನಿಗೆ ಬೇಕಿದ್ದ ಸವಾಲು ಮಾತ್ರ ಪೂರ್ತಿ ಇದೆ.

ಯಾರು ಏನು ಮಾಡಬೇಕು

ಬರೀ ‘ಬೇಡ’ ಎನ್ನುವ ಸಮಾಜ ಟೆರೇಸಿನ ಮೇಲೆ ಕದ್ದು ಮಾಡುವ ಹುಡುಗರನ್ನು ತಯಾರು ಮಾಡುತ್ತದೆ. ಕದ್ದು ಮಾಡಿದ್ದು ಯಾವಾಗಲೂ ಹೆಚ್ಚು ಅಪಾಯ. ಹತ್ತಿರ ಹಿರಿಯರಿಲ್ಲ, ಕನ್ನಡಕವಿಲ್ಲ, ಪೆಟ್ಟಾದರೆ ಹೇಳುವ ಧೈರ್ಯವೂ ಇಲ್ಲ. ಹಾಗಾಗಿ ನನ್ನ ಮಾತು ಮೂರು ಕಡೆಗೆ.

ಶೂಟಿಂಗ್ ರೇಂಜುಗಳಿಗೆ: ಹೊಸಬರಿಗೆ ರೇಂಜಿನ ಪಿಸ್ತೂಲನ್ನೇ ಗಂಟೆಯ ಲೆಕ್ಕದಲ್ಲಿ ಕೊಡುವ ವ್ಯವಸ್ಥೆ ಕೆಲವು ಕಡೆ ಇದೆ. ಅದು ಎಲ್ಲ ಕಡೆ ಬರಲಿ, ವಿದ್ಯಾರ್ಥಿಗಳಿಗೆ ದರ ಕಡಿಮೆಯಾಗಲಿ. ಎರಡು ಲಕ್ಷದ ಒಂದು ಪಿಸ್ತೂಲನ್ನು ಇಪ್ಪತ್ತು ಜನ ಹಂಚಿಕೊಂಡರೆ ತಲೆಗೆ ಹತ್ತು ಸಾವಿರ. ಮನೆಯಲ್ಲಿ ಮಾಡುವ ಆಸೆಗೆ ಅರ್ಧ ಕಾರಣ ಅಲ್ಲಿಗೇ ಹೋಯಿತು.

ಸರ್ಕಾರ, ಪೊಲೀಸರಿಗೆ: ಏರ್ ಗನ್ ಬಗ್ಗೆ ಏನನ್ನು ಕೊಳ್ಳಬಹುದು, ಏನನ್ನು ಮಾಡಬಾರದು, ಎಲ್ಲಿ ಹಾರಿಸಬಾರದು ಎಂಬುದನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ, ಹಳ್ಳಿಯವರಿಗೂ ಅರ್ಥವಾಗುವಂತೆ ಪ್ರಕಟಿಸಲಿ. ನಿಯಮಗಳ ಇಂಗ್ಲಿಷ್ ಓದಿ ಎಂಟೆಕ್ ಆದವನೂ ಎರಡು ಸಲ ತಲೆ ಕೆರೆದುಕೊಳ್ಳಬೇಕು. ಹದಿನೆಂಟರ ಹುಡುಗ ಓದುವುದು ನಿಯಮವನ್ನಲ್ಲ, ವಿಡಿಯೊವನ್ನು. ಕಾನೂನು ತಿಳಿಯದವನನ್ನು ಹಿಡಿದು ಶಿಕ್ಷಿಸುವುದಕ್ಕಿಂತ ಮೊದಲೇ ತಿಳಿಸುವುದು ಅಗ್ಗ.

ಮೂರನೆಯದು ನಮ್ಮದೇ ಹೌಸಿಂಗ್ ಸೊಸೈಟಿಗಳಿಗೆ. ಪುಣೆ ಇರಲಿ, ಹೈದರಾಬಾದ್, ಬೆಂಗಳೂರು ಇರಲಿ, ಎಲ್ಲ ದೊಡ್ಡ ಸೊಸೈಟಿಗಳಲ್ಲೂ ಜಿಮ್ ಇದೆ, ಈಜುಕೊಳ ಇದೆ, ವರ್ಷಕ್ಕೆರಡು ಸಲ ತೆರೆಯುವ ಪಾರ್ಟಿ ಹಾಲ್ ಇದೆ. ಕೈಕೆಲಸಕ್ಕೆ ಮಾತ್ರ ಹತ್ತು ಅಡಿ ಜಾಗವಿಲ್ಲ. ನಮ್ಮ ಅಜ್ಜನ ಮನೆಯ ಜಗುಲಿಯ ಮೂಲೆಯಲ್ಲಿ ಉಳಿ, ಬಾಚಿ, ಗರಗಸ ಇದ್ದವು. ಯಾವ ಮೊಮ್ಮಗ ಯಾವುದನ್ನು ಮುಟ್ಟಬಹುದು ಎಂದು ಅಜ್ಜನಿಗೆ ಗೊತ್ತಿತ್ತು. ಫ್ಲ್ಯಾಟಿನಲ್ಲಿ ಜಗುಲಿಯೂ ಇಲ್ಲ, ಅಜ್ಜನೂ ಇಲ್ಲ. ಆಯುಧ ಪೂಜೆಯ ದಿನ ಲ್ಯಾಪ್‌ಟಾಪ್‌ಗೆ ಕುಂಕುಮ ಹಚ್ಚುವ ನಾವು ಮಕ್ಕಳ ಕೈಗೆ ಒಂದು ಅರ ಕೊಟ್ಟಿಲ್ಲ.

ವಾರ್ಷಿಕ ಸಭೆಯಲ್ಲಿ ನಿಷೇಧದ ಠರಾವಿಗೆ ತಿದ್ದುಪಡಿ ಸೂಚಿಸಿ ನಾನು ಬರೆದುಕೊಟ್ಟಿದ್ದೇನೆ. ಬೇಸ್‌ಮೆಂಟಿನಲ್ಲಿ ಖಾಲಿ ಬಿದ್ದಿರುವ ಡ್ರೈವರ್‌ಗಳ ಕೋಣೆಯ ಪಕ್ಕದ ಜಾಗವನ್ನು ಸಾಮೂಹಿಕ ವರ್ಕ್‌ಶಾಪ್ ಮಾಡೋಣ. ನನ್ನ ಲೇತ್, ಡ್ರಿಲ್ ಅಲ್ಲಿಗೇ ಕೊಡುತ್ತೇನೆ. ನಮ್ಮ ಕಟ್ಟಡದಲ್ಲೇ ಪಿಂಪ್ರಿಯ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಟೂಲ್‌ರೂಮ್ ಹಿರಿಯರು ಇಬ್ಬರಿದ್ದಾರೆ. ಸಂಜೆ ಎರಡು ಗಂಟೆ ಕೂರಲು ಅವರು ಒಪ್ಪಿದ್ದಾರೆ. ಗೋಡೆಗೆ ಹಾಕುವ ನಿಯಮದ ಬೋರ್ಡು ಕೂಡ ಸಿದ್ಧವಿದೆ. ಕಣ್ಣಿಗೆ ಕನ್ನಡಕ ಇಲ್ಲದೆ ಒಳಗೆ ಬರಬಾರದು. ಹದಿನೆಂಟು ತುಂಬದವರು ಒಬ್ಬರೇ ಯಂತ್ರ ಮುಟ್ಟಬಾರದು. ಒತ್ತಡ ತುಂಬುವ, ಸಿಡಿಯುವ, ಗುಂಡು ಹಾರಿಸುವ ಯಾವುದನ್ನೂ ಇಲ್ಲಿ ಮಾಡುವಂತಿಲ್ಲ. ಮಿಕ್ಕಿದ್ದೆಲ್ಲ ಮಾಡಬಹುದು.

ಆ ಕೊನೆಯ ಸಾಲನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದಿದ್ದೇನೆ.